ಜರ್ನಲ್ಲಿನವರು ಹೊರಗಿಟ್ಟ ಮುನಿಯಮ್ಮ

ವೈದ್ಯಕೀಯ ಕಾಲೇಜಿಗೆ ಹೊಸದಾಗಿ ಸೇರುವ ಮಕ್ಕಳಿಗೂ ಅವರಿಗೆ ಪಾಠ ಹೇಳಲು ಬರುವ ಟ್ಯೂಟರುಗಳಿಗೂ ಮೊದಲೇ ಹೇಳಿಬಿಡುತ್ತೇನೆ, ಇದನ್ನು ನಾನು ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ರಿಟೈರ್ ಆದ ಮೇಲೆ ಎಲ್ಲ ತಣ್ಣಗಾಗುತ್ತೆ ಅಂತ ನಮ್ಮ ಮನೆಯವರು ಹೇಳಿದ್ದರು. ಯಲಹಂಕ ಕೆರೆಯ ಸುತ್ತ ದಿನಾ ವಾಕಿಂಗ್ ಮಾಡಿದೆ. ತೂಕ ಇಳಿಯಿತು, ಸಿಟ್ಟು ಇಳಿಯಲಿಲ್ಲ. ಇಳಿಯುವುದೂ ಬೇಡ ಅಂತ ಈಗ ಅನ್ನಿಸಿದೆ.

ನಾನು ಜನರಲ್ ಮೆಡಿಸಿನ್ ಕಲಿಸುತ್ತಿದ್ದವಳು. ಹೆಬ್ಬಾಳ ದಾಟಿ ಉತ್ತರಕ್ಕೆ ಹೋದರೆ ಸಿಗುವ ಖಾಸಗಿ ಕಾಲೇಜುಗಳಲ್ಲಿ ಒಂದರಲ್ಲಿ ಹೆಚ್ಚೂಕಡಿಮೆ ನನ್ನ ಇಡೀ ಕೆಲಸದ ಬದುಕು ಕಳೆಯಿತು. ಯಾವಾಗ ಅಸೋಸಿಯೇಟ್ ಆದೆ, ಯಾವಾಗ ಪ್ರೊಫೆಸರ್ ಆದೆ ಅನ್ನುವುದು ನನ್ನ ಸರ್ವಿಸ್ ದಾಖಲೆಯಲ್ಲಿದೆ, ಅಲ್ಲೇ ಇರಲಿ. ನಾನು ಹೇಳಹೊರಟಿರುವುದು ಜರ್ನಲ್ ಓದುವ ವಿಷಯ. ಹೊಸ ಔಷಧಿಯ ಸುದ್ದಿ, ಹಳೇ ಔಷಧಿಯ ಕೆಡುಕು, ಇವೆಲ್ಲ ಪಠ್ಯಪುಸ್ತಕಕ್ಕೆ ಬಂದು ಸೇರುವ ಹೊತ್ತಿಗೆ ವರ್ಷಗಳಾಗುತ್ತವೆ. ಮೊದಲು ಬರುವುದು ಜರ್ನಲ್ಲುಗಳಲ್ಲಿ. ಅದಕ್ಕೇ ಪ್ರತಿ ವಿಭಾಗದಲ್ಲೂ ವಾರಕ್ಕೊಂದು ಜರ್ನಲ್ ಕ್ಲಬ್ ಇರುತ್ತದೆ. ಒಬ್ಬ ಪಿಜಿ ವಿದ್ಯಾರ್ಥಿ ಒಂದು ಲೇಖನ ಓದಿಕೊಂಡು ಬಂದು ಎಲ್ಲರ ಮುಂದೆ ಹೇಳಬೇಕು, ಉಳಿದವರು ಪ್ರಶ್ನೆ ಕೇಳಬೇಕು. ಕಾಗದದ ಮೇಲೆ ವ್ಯವಸ್ಥೆ ಹೀಗಿದೆ.

ನಾನು ಪಿಜಿ ಓದುವಾಗ ವರದರಾಜ್ ಅಂತ ಒಬ್ಬ ಮೇಷ್ಟ್ರಿದ್ದರು. ಆಗ ಹೊರದೇಶದ ಜರ್ನಲ್ಲುಗಳು ಹಡಗಿನ ಅಂಚೆಯಲ್ಲಿ ಬರುತ್ತಿದ್ದವು. ಬರುವ ಹೊತ್ತಿಗೆ ಹಳತಾಗಿರುತ್ತಿದ್ದವು, ಕೆಲವು ಒದ್ದೆಯಾಗಿ ಅಂಟಿಕೊಂಡಿರುತ್ತಿದ್ದವು. ಲೈಬ್ರರಿಯಿಂದ ಹೊರಗೆ ಕೊಡುತ್ತಿರಲಿಲ್ಲ. ಅಲ್ಲೇ ಕೂತು ಕೈಯಲ್ಲಿ ಬರೆದುಕೊಳ್ಳಬೇಕಿತ್ತು. ಹೀಗೆ ಬರೆದುಕೊಂಡು ಹೋದರೆ ವರದರಾಜ್ ಸರ್ ಲೇಖನದ ಮೇಲಿರುವ ಸಾರಾಂಶವನ್ನು ಅಂಗೈಯಿಂದ ಮುಚ್ಚಿಬಿಡುತ್ತಿದ್ದರು.

"ಇದನ್ನ ಬಿಡು. ಇದು ಅವರು ಹೇಳ್ಕೊಳ್ಳೋದು. ಏನು ಮಾಡಿದ್ರು ಹೇಳು. ಯಾರನ್ನ ಸೇರಿಸ್ಕೊಂಡ್ರು? ಯಾರನ್ನ ಬಿಟ್ರು?"

ನನ್ನ ಸೀನಿಯರ್ ಒಬ್ಬರು ಈ ಪ್ರಶ್ನೆಗೆ ಉತ್ತರ ಗೊತ್ತಿಲ್ಲದೆ ಧಾರಾಳವಾಗಿ ಇಂಗ್ಲಿಷ್ ಮಾತಾಡಿದರು. ಸರ್ ಪೂರ್ತಿ ಕೇಳಿಸಿಕೊಂಡು, "ಚೆನ್ನಾಗಿ ಮಾತಾಡ್ತೀಯ. ಈಗ ಹೋಗಿ ಓದ್ಕೊಂಡು ಬಾ" ಅಂತ ಕಳಿಸಿದರು. ಇಡೀ ತರಗತಿ ಆ ವ್ಯಕ್ತಿ ಓದಿ ವಾಪಸ್ಸು ಬರುವವರೆಗೂ ಕಾಯುತ್ತಾ ಕೂತಿತ್ತು. ಯಾರೂ ಎದ್ದು ಹೋಗುವಂತಿರಲಿಲ್ಲ. ಆಗ ನಮಗೆ ಬೇಜಾರಾಗುತ್ತಿತ್ತು. ಇವತ್ತು ಅಂಥ ಮೇಷ್ಟ್ರನ್ನು ಎಲ್ಲಿಂದ ತರುವುದು?

ನಾನು ಕೆಲಸಕ್ಕೆ ಸೇರಿದ ಕಾಲೇಜಿನಲ್ಲಿ ನಮ್ಮ ವಿಭಾಗದ ಮುಖ್ಯಸ್ಥರು ಡಾಕ್ಟರ್ ಶಿವಪ್ರಸಾದ್. ಅವರು ಕೆಟ್ಟ ವೈದ್ಯರಾಗಿರಲಿಲ್ಲ, ಇದನ್ನು ಸ್ಪಷ್ಟವಾಗಿ ಹೇಳಬೇಕು. ಹೊಟ್ಟೆಯ ಮೇಲೆ ಕೈಯಿಟ್ಟರೆ ಸ್ಕ್ಯಾನ್‌ಗಿಂತ ಮೊದಲು ಅವರೇ ಹೇಳುತ್ತಿದ್ದರು. ರೋಗಿಗಳ ಹತ್ತಿರ ಮಾತು ಬೆಣ್ಣೆಯಂಥದ್ದು. ಆದರೆ ಜರ್ನಲ್ ಓದುವುದನ್ನು ಅವರು ಯಾವತ್ತೋ ಬಿಟ್ಟಿದ್ದರು. ಮೆಡಿಕಲ್ ರೆಪ್‌ಗಳು ತಂದುಕೊಡುವ ನುಣುಪು ಕಾಗದದ ಮಡಿಕೆ ಹಾಳೆಗಳೇ ಅವರ ಓದು. ಔಷಧಿ ಕಂಪನಿಯವರು ಒಂದು ದೊಡ್ಡ ಲೇಖನವನ್ನು ಒಂದು ಹಾಳೆಗೆ ಇಳಿಸಿ, ಬಣ್ಣದ ಗ್ರಾಫ್ ಹಾಕಿ, ಮೇಲೆ ನಗುತ್ತಿರುವ ಅಜ್ಜ ಅಜ್ಜಿಯ ಚಿತ್ರ ಹಾಕಿ ಕೊಡುತ್ತಾರೆ. ಅದು ಮೇಜಿನ ಮೇಲೆ ಬಂದು ಬೀಳುತ್ತದೆ. ಅಲ್ಲಿಂದ ವಿಭಾಗದ 'ಕಡ್ಡಾಯ ಓದು' ಪಟ್ಟಿಗೆ ಹೋಗುತ್ತದೆ. ಪಟ್ಟಿ ನೋಟೀಸ್ ಬೋರ್ಡಿಗೆ ಹೋಗುತ್ತದೆ. ಪಿಜಿಗಳು ಅದನ್ನು ಫೋನಿನಲ್ಲಿ ಫೋಟೋ ತೆಗೆದುಕೊಳ್ಳುತ್ತಾರೆ. ಅಲ್ಲಿಗೆ ಓದು ಮುಗಿಯಿತು.

ಜರ್ನಲ್ ಕ್ಲಬ್ಬೂ ಹಾಗೇ ಆಗಿತ್ತು. ಬುಧವಾರ ಮಧ್ಯಾಹ್ನ ಕಂಪನಿಯವರ ಊಟ. ಯಶವಂತಪುರದ ಕಡೆಯ ಒಂದು ಹೋಟೆಲಿನಿಂದ ಬಿರಿಯಾನಿ ಡಬ್ಬಿಗಳು ಬರುತ್ತಿದ್ದವು. ಬಿರಿಯಾನಿ ಇದ್ದ ಬುಧವಾರ ಸೆಮಿನಾರ್ ಹಾಲ್ ತುಂಬುತ್ತಿತ್ತು, ಸರ್ಜರಿಯವರೂ ಬರುತ್ತಿದ್ದರು. ಲೇಖನ ಹೇಳುವ ಹುಡುಗ ಅವಸರದಲ್ಲಿ ಹೇಳಿ ಮುಗಿಸುತ್ತಿದ್ದ, ಯಾಕೆಂದರೆ ಬಿಸಿ ಆರುತ್ತಿತ್ತು.

ನಾನು ಒಂದು ಸಲ ಎದ್ದು, "ಸರ್, ಊಟ ಬೇರೆ ದಿನ ಇಟ್ಕೊಳ್ಳೋಣ, ಓದೋದು ಬೇರೆ ದಿನ" ಅಂದೆ.

"ಒಂದು ಊಟಕ್ಕೆ ಯಾಕಮ್ಮಾ ಇಷ್ಟೊಂದು ರಂಪ? ಮಕ್ಕಳು ಹಸಿದಿರ್ತಾರೆ" ಅಂದರು ಶಿವಪ್ರಸಾದ್ ಸರ್. ಎಲ್ಲರೂ ನಕ್ಕರು. ನಾನು ಡಬ್ಬಿ ಮುಟ್ಟದೆ ಹೊರಗೆ ಬಂದೆ. ಆಮೇಲೆ ನನಗೆ 'ಟಿಫನ್ ಮೇಡಂ' ಅಂತ ಹೆಸರು ಬಿತ್ತು, ಮನೆಯಿಂದ ಉಪ್ಪಿಟ್ಟು ಕಟ್ಟಿಕೊಂಡು ಬರುತ್ತಿದ್ದೆನಲ್ಲ.

ಇಷ್ಟಕ್ಕೇ ನಿಂತಿದ್ದರೆ ನಾನೂ ಮರೆತುಬಿಡುತ್ತಿದ್ದೆನೇನೋ. ಮುನಿಯಮ್ಮ ಬಂದ ಮೇಲೆ ಮರೆಯುವುದು ಸಾಧ್ಯವಾಗಲಿಲ್ಲ.

ಮುನಿಯಮ್ಮ ಕೋಗಿಲಿನವರು. ಹಿಂದೆ ರಾಗಿ, ಅವರೆ, ದ್ರಾಕ್ಷಿ ಬೆಳೆಯುತ್ತಿದ್ದ ಮನೆತನ. ಹೊಲವಿದ್ದ ಜಾಗದಲ್ಲಿ ಮಗ ಕೆಂಪರಾಜು ಬಾಡಿಗೆ ಮನೆಗಳನ್ನು ಕಟ್ಟಿಸಿದ್ದರು. ಕೈಗೆ ದಪ್ಪ ಕಡಗ, ಬಿಳಿ ಅಂಗಿ, ಹಿಂದೆ ಮುಂದೆ ನಾಲ್ಕು ಹುಡುಗರು. ತಾಯಿ ಮಾತ್ರ ಕಡ್ಡಿಯ ಹಾಗೆ ಸಣ್ಣ. ಬಹಳ ಕಾಲದಿಂದ ಸಕ್ಕರೆ ಕಾಯಿಲೆ, ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರು. ಹೊರರೋಗಿ ವಿಭಾಗದಲ್ಲಿ ಅವರನ್ನು ನೋಡಿದ್ದು ಶಿವಪ್ರಸಾದ್ ಸರ್ ಯೂನಿಟ್ಟಿನ ಪಿಜಿ ವಿದ್ಯಾರ್ಥಿ ನಿಖಿಲ್. ಚುರುಕು ಹುಡುಗ, ಒಳ್ಳೆಯವನು. ಅಜ್ಜಿಗೆ ಸೂಜಿ ಚುಚ್ಚಿಕೊಳ್ಳುವ ಕಷ್ಟ ಕಡಿಮೆಯಾಗಲಿ ಅಂತ ಇನ್ಸುಲಿನ್ ಇಳಿಸಿ, ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಹಾಕುವ ಒಂದು ಹೊಸ ಮಾತ್ರೆ ಬರೆದುಕೊಟ್ಟ. ಸರ್ ಸಹಿ ಹಾಕಿದರು.

ಆ ಮಾತ್ರೆ ಒಳ್ಳೆಯ ಮಾತ್ರೆಯೇ. ಎಷ್ಟೋ ಜನರ ಹೃದಯ, ಕಿಡ್ನಿ ಉಳಿಸಿದೆ. ನನ್ನ ತಕರಾರು ಮಾತ್ರೆಯ ಮೇಲಲ್ಲ. ಅದು ಯಾರಿಗೆ, ಯಾವಾಗ ಕೊಡಬಾರದು ಅಂತ ಲೇಖನದಲ್ಲಿ ಸ್ಪಷ್ಟವಾಗಿ ಬರೆದಿತ್ತು. ಕಂಪನಿಯ ನುಣುಪು ಹಾಳೆಯಲ್ಲಿ ಆ ಭಾಗ ಇರಲಿಲ್ಲ.

ಮುನಿಯಮ್ಮ ವೈಕುಂಠ ಏಕಾದಶಿಗೆ ಉಪವಾಸ ಮಾಡಿದರು. ಊಟ ಮಾಡಿಲ್ಲವಲ್ಲ ಅಂತ ಇನ್ಸುಲಿನ್ ಬಿಟ್ಟರು. ಮಾತ್ರೆ ಮಾತ್ರ ತಪ್ಪದೆ ನುಂಗಿದರು, ಡಾಕ್ಟ್ರು ತಪ್ಪಿಸಬೇಡಿ ಅಂದಿದ್ದರು. ಮಾರನೇ ದಿನ ವಾಂತಿ ಶುರುವಾಯಿತು. ಕ್ಯಾಶುಯಲ್ಟಿಗೆ ಕರೆದುಕೊಂಡು ಬಂದರು. ಅಲ್ಲಿ ಸಕ್ಕರೆ ನೋಡಿದರು, ಗಾಬರಿಯಾಗುವಷ್ಟೇನೂ ಇರಲಿಲ್ಲ. ಗ್ಯಾಸ್ಟ್ರಿಕ್ ಅಂತ ಬರೆದು, ಡ್ರಿಪ್ ಹಾಕಿ, ವಾರ್ಡಿಗೆ ಕಳಿಸಿದರು.

ಶಿವಪ್ರಸಾದ್ ಸರ್ ಯಾವುದೋ ಸಮ್ಮೇಳನಕ್ಕೆ ಹೋಗಿದ್ದರಿಂದ ಮರುದಿನ ಬೆಳಗಿನ ರೌಂಡ್ಸ್ ನನ್ನದು. ಮುನಿಯಮ್ಮನ ಮಂಚದ ಹತ್ತಿರ ಬಂದಾಗ ನನ್ನ ಕಣ್ಣಿಗೆ ಬಿದ್ದದ್ದು ಅವರ ಉಸಿರು. ಬಾವಿಯಿಂದ ನೀರು ಸೇದಿದ ಹಾಗೆ ಆಳಕ್ಕೆ ಎಳೆದು ಬಿಡುತ್ತಿದ್ದರು. ಸಕ್ಕರೆ ಕಾಯಿಲೆಯವರ ರಕ್ತ ಹುಳಿಯಾದಾಗ ಹಾಗೆ ಉಸಿರಾಡುತ್ತಾರೆ. ಸಾಮಾನ್ಯವಾಗಿ ಆಗ ಸಕ್ಕರೆಯೂ ವಿಪರೀತ ಏರಿರುತ್ತದೆ. ಈ ಮಾತ್ರೆ ತೆಗೆದುಕೊಳ್ಳುವವರಲ್ಲಿ ಏರದೆಯೂ ಹಾಗಾಗಬಹುದು. ಅದೇ ಮೋಸ.

"ನಿಖಿಲ್, ಇವರಿಗೆ ಏನೇನು ಔಷಧಿ ನಡೀತಿದೆ?"

ಹೇಳಿದ. ಮಾತ್ರೆಯ ಹೆಸರು ಕೇಳುತ್ತಿದ್ದ ಹಾಗೆ ನನಗೆ ಅರ್ಥವಾಯಿತು. ರಕ್ತ ಕಳಿಸಿದೆವು, ಅಂದುಕೊಂಡದ್ದೇ ಬಂತು. ತಕ್ಷಣ ಐಸಿಯುಗೆ ಹಾಕಿಸಿದೆ. ಇನ್ಸುಲಿನ್ನೂ ಗ್ಲೂಕೋಸೂ ಒಟ್ಟಿಗೆ ಶುರುಮಾಡಿದೆವು.

ಹೊರಗಿನ ಕಾರಿಡಾರಿನಲ್ಲಿ ನಿಖಿಲ್‌ನನ್ನು ನಿಲ್ಲಿಸಿ ಕೇಳಿದೆ. "ಈ ಮಾತ್ರೆಯ ಪೇಪರ್ ಓದಿದ್ದೀಯಾ?"

"ಓದಿದ್ದೀನಿ ಮೇಡಂ, ನಮ್ಮ ಕಡ್ಡಾಯ ಲಿಸ್ಟಲ್ಲೇ ಇದೆ" ಅಂದು ಏಪ್ರನ್ ಜೇಬಿನಿಂದ ತೆಗೆದು ತೋರಿಸಿದ. ಅದೇ ಮಡಿಕೆ ಹಾಳೆ. ಅಜ್ಜ ಅಜ್ಜಿ ನಗುತ್ತಿದ್ದರು.

"ಇದು ಪೇಪರ್ ಅಲ್ಲ ಕಣೋ. ಇದು ಜಾಹೀರಾತು."

ಅವನು ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ನಿಜವಾಗಿಯೂ ಅವನಿಗೆ ವ್ಯತ್ಯಾಸ ಗೊತ್ತಿರಲಿಲ್ಲ. ಇದನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಡಾಕ್ಟರ್ ಆಗಿ, ಇನ್ನೇನು ಸ್ಪೆಷಲಿಸ್ಟ್ ಆಗಲಿರುವ ಹುಡುಗನಿಗೆ ಜರ್ನಲ್ ಲೇಖನ ಯಾವುದು, ಜಾಹೀರಾತು ಯಾವುದು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ. ಅವನಿಗೆ ಹಾಗೆ ತಪ್ಪು ಓದಿಸಿದ್ದು ಅವನ ಮೇಷ್ಟ್ರು.

ಮುನಿಯಮ್ಮ ಬದುಕಿಕೊಂಡರು. ಕೆಲವು ದಿನ ಐಸಿಯುನಲ್ಲಿದ್ದು ವಾರ್ಡಿಗೆ ಬಂದರು. ಅಷ್ಟರಲ್ಲಿ ಸರ್ ಸಮ್ಮೇಳನದಿಂದ ವಾಪಸ್ಸು ಬಂದಿದ್ದರು. ಅವರ ಕೋಣೆಗೆ ನಮ್ಮನ್ನೆಲ್ಲ ಕರೆದು ಹೇಳಿದರು: "ಮನೆಯವರು ಕೇಳಿದ್ರೆ ಮೂರೇ ಮಾತು. ವಯಸ್ಸಾಗಿದೆ, ಹಳೇ ಶುಗರ್, ಹೇಳದೆ ಕೇಳದೆ ಉಪವಾಸ ಮಾಡಿದ್ದಾರೆ. ಇದರಲ್ಲಿ ಸುಳ್ಳು ಏನಾದ್ರೂ ಇದೆಯಾ?"

"ಉಪವಾಸದ ದಿನ ಮಾತ್ರೆ ನಿಲ್ಲಿಸಬೇಕು ಅಂತ ನಾವು ಅವರಿಗೆ ಹೇಳಿದ್ವಾ ಸರ್?" ಅಂದೆ.

"ಅದು ಬೇರೆ ವಿಷಯ."

"ಅದೇ ವಿಷಯ ಸರ್."

ಅವರು ವಾರ್ಡಿನ ಬಾಗಿಲಿಗೆ ಇಬ್ಬರು ಸೆಕ್ಯೂರಿಟಿಯವರನ್ನು ಹಾಕಿಸಿದರು. ಕೆಂಪರಾಜು ಹುಡುಗರನ್ನು ಕರೆದುಕೊಂಡು ಬಂದು ಗಾಜು ಒಡೆಸುತ್ತಾರೆ ಅಂತ ಸುದ್ದಿ ಹಬ್ಬಿತ್ತು. ನಿಖಿಲ್ ಹೆದರಿ ಹಾಸ್ಟೆಲ್ಲಿನಿಂದ ಹಿಂಬಾಗಿಲಲ್ಲಿ ಬರುತ್ತಿದ್ದ.

ಒಂದು ದಿನ ಮಧ್ಯಾಹ್ನ ಕೆಂಪರಾಜು ನಿಖಿಲ್‌ನನ್ನು ವಾರ್ಡಿನಲ್ಲೇ ಹಿಡಿದರು. ನಾನು ಪಕ್ಕದ ಮಂಚದ ಹತ್ತಿರ ಇದ್ದೆ.

"ಯೋಳಪ್ಪಾ ಡಾಕ್ಟ್ರೇ. ನಮ್ಮವ್ವ ವರ್ಸಾ ವರ್ಸಾ ಏಕಾದಸಿ ಮಾಡ್ತಾಳೆ. ಓದ್ ವರ್ಸ ಏನೂ ಆಗ್ನಿಲ್ಲ. ಈ ವರ್ಸ ಯಾಕಾಯ್ತು?"

ನಿಖಿಲ್ ತೊದಲಿದ. "ಅದು... ಜರ್ನಲ್‌ನಲ್ಲಿ ಬಂದಿರೋ ಔಷಧಿ ಸರ್. ದೊಡ್ಡ ಸ್ಟಡಿ ಆಗಿದೆ."

"ಅದ್ಯಾವ ಪುಸ್ತಕ? ತತ್ತಾ ಇಲ್ಲಿ. ನನ್ ಮುಂದೆ ಓದು. ಕನ್ನಡದಾಗೆ ಓದು, ನಮಗೂ ತಿಳೀಲಿ."

ಸೆಕ್ಯೂರಿಟಿಯವನು ಹತ್ತಿರ ಬಂದ. ನಾನು ಅವನನ್ನು ತಡೆದೆ. ಆ ಮನುಷ್ಯ ಕೇಳಿದ್ದರಲ್ಲಿ ಏನು ತಪ್ಪಿತ್ತು? ಅವರ ತಾಯಿಯ ಮೈಗೆ ಹೋದ ಔಷಧಿ. ಅದರ ಬಗ್ಗೆ ಬರೆದದ್ದನ್ನು ಕೇಳುವ ಹಕ್ಕು ಅವರಿಗಿಲ್ಲದೆ ಇನ್ಯಾರಿಗೆ ಇದೆ?

"ಕೂತ್ಕೊಳ್ಳಿ ಕೆಂಪರಾಜು, ಓದಿಸ್ತೀನಿ" ಅಂದೆ. ನಾನು ಹಳೇ ಯಲಹಂಕದವಳು, ಅವರ ಮಾತು ನನ್ನ ಅಜ್ಜಿಯ ಮಾತೇ. ಲೈಬ್ರರಿಗೆ ಹೋಗಿ ಆ ಲೇಖನದ ಪೂರ್ತಿ ಪ್ರಿಂಟ್ ತೆಗೆಸಿಕೊಂಡು ಬಂದೆ. ಮುನಿಯಮ್ಮನ ಮಂಚದ ಪಕ್ಕ ಸ್ಟೂಲ್ ಹಾಕಿಸಿ ನಿಖಿಲ್‌ನನ್ನು ಕೂರಿಸಿದೆ. "ಒಂದೊಂದು ವಾಕ್ಯ ಓದು. ಓದಿದ್ದನ್ನ ಇವರಿಗೆ ಅರ್ಥ ಆಗೋ ಹಾಗೆ ಕನ್ನಡದಲ್ಲಿ ಹೇಳು. ಸಾರಾಂಶ ಬಿಟ್ಟು ಶುರು ಮಾಡು."

ಅವನು ಮೊದಲ ಪ್ಯಾರಾದಲ್ಲೇ ಬೆವತ. ಇಂಗ್ಲಿಷಿನಲ್ಲಿ ಸಲೀಸಾಗಿ ಹಾರಿ ಹೋಗುತ್ತಿದ್ದ ಪದಗಳು ಕನ್ನಡದಲ್ಲಿ ಹೇಳಬೇಕು ಅಂದಾಗ ಅಡ್ಡ ನಿಂತವು. ರೋಗಿಗಳನ್ನು ಎರಡು ಗುಂಪು ಮಾಡಿದ್ದನ್ನು ಹೇಗೆ ಹೇಳುವುದು ಅಂತ ನನ್ನ ಮುಖ ನೋಡಿದ. ನಾನು ಹಾಳೆಯ ಕಡೆ ಬೆರಳು ತೋರಿಸಿದೆ. ಕೊನೆಗೆ ಅವನೇ, "ಚೀಟಿ ಎತ್ತಿದ ಹಾಗೆ ಅಣ್ಣಾ. ಯಾರಿಗೆ ಹೊಸ ಮಾತ್ರೆ, ಯಾರಿಗೆ ಬರೀ ಹೆಸರಿಗೊಂದು ಮಾತ್ರೆ ಅಂತ ಚೀಟಿ ಎತ್ತಿ ಹಂಚಿದ್ದಾರೆ" ಅಂದ.

"ಚೀಟಿ ಎತ್ತಿ ಔಸ್ದಿ ಕೊಟ್ಟವ್ರಾ?" ಕೆಂಪರಾಜು ಹುಬ್ಬೇರಿಸಿದರು.

"ಡಾಕ್ಟ್ರಿಗೆ ಇಷ್ಟ ಬಂದೋರಿಗೆ ಕೊಟ್ಟು, ಚೆನ್ನಾಗಾಯ್ತು ಅಂತ ಹೇಳ್ಬಾರ್ದಲ್ಲ, ಅದಕ್ಕೆ."

"ಅಂಗನ್ನು. ಅದು ನ್ಯಾಯವಾಗೈತೆ."

ಪಕ್ಕದ ಮಂಚದವರೂ ಕಿವಿಗೊಟ್ಟಿದ್ದರು. ನಿಖಿಲ್ ಮುಂದಿನ ಪ್ಯಾರಾಕ್ಕೆ ಬಂದ. ಯಾರನ್ನು ಸೇರಿಸಿಕೊಂಡರು ಅಂತ ಓದಿ ಹೇಳಿದ. ಆಮೇಲೆ ಯಾರನ್ನು ಸೇರಿಸಿಕೊಳ್ಳಲಿಲ್ಲ ಅನ್ನುವ ಸಾಲು ಬಂತು. "ಬಹಳ ಕಾಲದಿಂದ ಇನ್ಸುಲಿನ್ ಮೇಲೇ ನಿಂತಿರೋರು, ತೂಕ ತುಂಬ ಕಡಿಮೆ ಇರೋರು, ಸರಿಯಾಗಿ ಊಟ ಮಾಡದೇ ಇರೋರು..." ಅಷ್ಟು ಹೇಳಿ ನಿಲ್ಲಿಸಿದ. ಅವನ ಕಣ್ಣು ಹಾಳೆಯ ಮೇಲೇ ಇತ್ತು.

ಅಲ್ಲಿಯವರೆಗೂ ಕಣ್ಣು ಮುಚ್ಚಿಕೊಂಡು ಮಲಗಿದ್ದ ಮುನಿಯಮ್ಮ ಕೇಳಿದರು. "ಅಂದ್ರೆ ನನ್ನಂತೋರ್ನ ಒಬ್ರುನೂವೆ ಸೇರ್ಸ್ಕಂಡಿರ್ನಿಲ್ವಾ?"

"ಇಲ್ಲಜ್ಜಿ."

"ಮತ್ತೆ ನಂಗ್ಯಾಕಪ್ಪಾ ಕೊಟ್ಟೆ?"

ಕೆಂಪರಾಜು ಎದ್ದು ನಿಂತರು. ಅವರ ಕೈಮುಷ್ಟಿ ಬಿಗಿಯಾದದ್ದನ್ನು ನೋಡಿ ನಾನು ಇಬ್ಬರ ಮಧ್ಯೆ ಬಂದೆ. ನಿಖಿಲ್ ತಪ್ಪಿಸಿಕೊಳ್ಳಲು ನೋಡಲಿಲ್ಲ.

"ನಾನು ಇದನ್ನ ಓದಿರ್ಲಿಲ್ಲ ಅಜ್ಜಿ. ಓದಿದ್ದೀನಿ ಅಂದ್ಕೊಂಡಿದ್ದೆ. ಇವತ್ತೇ ಮೊದಲು ಓದ್ತಿರೋದು."

ಮುನಿಯಮ್ಮ ಮಗನ ಕಡೆ ತಿರುಗಿ, "ಕೂತ್ಕಳೋ ನೀನು" ಅಂದರು. ಆಮೇಲೆ ನಿಖಿಲ್‌ಗೆ ಹೇಳಿದರು, "ಇನ್ನೂ ಐತಲ್ಲ ಕೈಯಾಗೆ. ಪೂರಾ ಓದು."

ಅವನು ಪೂರ್ತಿ ಓದಿದ. ಉಪವಾಸ, ವಾಂತಿ, ಆಪರೇಷನ್ ಇರುವ ದಿನಗಳಲ್ಲಿ ಮಾತ್ರೆ ನಿಲ್ಲಿಸಬೇಕು ಅನ್ನುವ ಸಾಲು ಕೊನೆಯ ಪುಟದಲ್ಲಿತ್ತು. ಅದನ್ನು ಎರಡು ಸಲ ಹೇಳಿದ. ಕೆಂಪರಾಜು ಹುಡುಗರನ್ನು ಕರೆಸಲಿಲ್ಲ, ಒಂದು ಗಾಜೂ ಒಡೆಯಲಿಲ್ಲ. ಹೊರಗೆ ಬಂದು ನನಗೆ ಹೇಳಿದರು: "ಮೇಡಂನೋರೆ, ಹುಡ್ಗ ನಿಜ ಒಪ್ಕಂಡ, ಅವನ್ ತಂಟೆಗ್ ಓಗಾಕಿಲ್ಲ. ಆದ್ರೆ ಸೈನ್ ಆಕಿದ್ ದೊಡ್ಡೋರ್ನ ಕೇಳ್ದೆ ಬಿಡಾಕಿಲ್ಲ."

ಅವರು ಆಡಳಿತ ಮಂಡಳಿಗೆ ದೂರು ಕೊಟ್ಟರು. ಕೊಟ್ಟದ್ದು ಸರಿಯಾಗಿಯೇ ಇತ್ತು.

ಶಿವಪ್ರಸಾದ್ ಸರ್ ನನ್ನನ್ನು ಕರೆಸಿದರು. ಅಷ್ಟು ವರ್ಷಗಳಲ್ಲಿ ಅವರು ದನಿ ಎತ್ತಿದ್ದು ಅದೇ ಮೊದಲು.

"ಪೇಷಂಟ್ ಕಡೆಯವರ ಕೈಗೆ ನೀವೇ ಕತ್ತಿ ಕೊಟ್ರಲ್ಲ! ಜರ್ನಲ್ ಓದೋದು ಡಾಕ್ಟರ್‌ಗಳಿಗೆ. ಕೋಗಿಲು ಕೆಂಪರಾಜೂಗೆ ಅಲ್ಲ."

"ಡಾಕ್ಟರ್‌ಗಳು ಓದಿದ್ರೆ ಕೋಗಿಲು ಕೆಂಪರಾಜು ಕೇಳೋ ಅವಶ್ಯಕತೆನೇ ಇರ್ತಿರ್ಲಿಲ್ಲ ಸರ್."

"ನನಗೆ ಓದೋದು ಹೇಳ್ಕೊಡ್ತೀರಾ?"

ಹೌದು ಅನ್ನಬೇಕು ಅನ್ನಿಸಿತು. ಅನ್ನಲಿಲ್ಲ. "ಲಿಸ್ಟಿಂದ ಕಂಪನಿ ಹಾಳೆಗಳನ್ನ ತೆಗೀರಿ. ಅಷ್ಟೇ ಕೇಳೋದು" ಅಂದೆ.

ವಿಚಾರಣೆ ಅಂತ ಒಂದು ನಡೆಯಿತು. ವಿಚಾರಿಸಿದವರು ಸರ್ ಅವರ ಸಹಪಾಠಿಗಳು, ಟೀ ಕುಡಿಯುವ ಜೊತೆಗಾರರು. ರೋಗಿ ವೈದ್ಯರ ಸಲಹೆ ಇಲ್ಲದೆ ಉಪವಾಸ ಮಾಡಿದ್ದರಿಂದ ತೊಂದರೆಯಾಯಿತು ಅಂತ ತೀರ್ಮಾನ ಬರೆದರು. ನಾನು ಸಭೆಯಲ್ಲಿ ಎದ್ದು ನಿಂತು ಉಪವಾಸದ ದಿನ ಮಾತ್ರೆ ನಿಲ್ಲಿಸಬೇಕು ಅನ್ನುವ ಲೇಖನದ ಸಾಲನ್ನು ಗಟ್ಟಿಯಾಗಿ ಓದಿದೆ. ನಡವಳಿಯಲ್ಲಿ ಅದು ಸೇರಲಿಲ್ಲ. ಸಂಪ್ರದಾಯದಂತೆ ಉಪವಾಸ ಮಾಡುವ ಹೆಂಗಸಿನ ಮೇಲೆ ತಪ್ಪು ಹೊರಿಸಿ, ತಿಂಗಳುಗಟ್ಟಲೆ ಆ ಹೆಂಗಸಿಗೆ ಮಾತ್ರೆ ಕೊಟ್ಟವರು ಕೈತೊಳೆದುಕೊಂಡರು. ಅವರು ಯಾರೂ ಸ್ವಂತ ತಾಯಿಗೆ ಹೀಗಾಗಿದ್ದರೆ ಆ ತೀರ್ಮಾನಕ್ಕೆ ಸಹಿ ಹಾಕುತ್ತಿರಲಿಲ್ಲ.

ಆಮೇಲೆ ನನ್ನ ಕೈಯಿಂದ ಪಿಜಿ ತರಗತಿಗಳು ಹೋದವು. ಯಲಹಂಕದಿಂದ ಆಚೆ ಇರುವ ಕಾಲೇಜಿನ ಗ್ರಾಮೀಣ ಆರೋಗ್ಯ ಕೇಂದ್ರಕ್ಕೆ ನನ್ನನ್ನು ಹಾಕಿದರು. ಅನುಭವಿ ವೈದ್ಯರ ಸೇವೆ ಹಳ್ಳಿಗೆ ಬೇಕಂತೆ. ಹಾಗಂತ ಸುತ್ತೋಲೆಯಲ್ಲಿತ್ತು.

ನಾನಿಲ್ಲದ ಮೊದಲ ಬುಧವಾರ ಏನಾಯಿತು ಅಂತ ಬೇರೆಯವರು ಬಂದು ಹೇಳಿದರು. ಇನ್ನೊಂದು ಕಂಪನಿ, ಇನ್ನೊಂದು ಮಾತ್ರೆ, ಇನ್ನೊಂದು ಮಡಿಕೆ ಹಾಳೆ. ಒಬ್ಬ ಹುಡುಗಿ ಅದನ್ನೇ ಪರದೆಯ ಮೇಲೆ ಹಾಕಿ ಹೇಳುತ್ತಿದ್ದಳು. ನಿಖಿಲ್ ಎದ್ದು ನಿಂತನಂತೆ.

"ಸರ್, ಯಾರನ್ನ ಸೇರಿಸ್ಕೊಂಡಿಲ್ಲ ಅಂತ ಇದರಲ್ಲಿಲ್ಲ."

"ಕೂತ್ಕೋ."

"ಅದು ಗೊತ್ತಾಗದೆ ನಾನು ಈ ಮಾತ್ರೆನ ಯಾರಿಗೂ ಬರೆದುಕೊಡಲ್ಲ ಸರ್."

ಕೂರಲಿಲ್ಲವಂತೆ. ಸರ್ ತಾವೇ ಎದ್ದು ಹೊರಗೆ ಹೋದರಂತೆ. ಊಟದ ಡಬ್ಬಿಗಳು ಹಾಗೇ ಉಳಿದವು ಅಂತಲೂ ಕೇಳಿದೆ. ನಂಬಲು ಕಷ್ಟ, ಆದರೂ ಸಂತೋಷವಾಯಿತು.

ನಿಖಿಲ್ ಆ ವರ್ಷದ ಪರೀಕ್ಷೆಯಲ್ಲಿ ಪ್ರಾಕ್ಟಿಕಲ್ಸ್‌ನಲ್ಲಿ ಫೇಲಾದ. ಯಾಕೆ ಅನ್ನುವುದನ್ನು ಸಾಬೀತು ಮಾಡಲು ನನ್ನಿಂದಾಗದು, ಹಾಗಾಗಿ ಬರೆಯುವುದಿಲ್ಲ. ಓದುವವರು ತಿಳಿದುಕೊಳ್ಳಲಿ. ಅವನು ನನ್ನ ಆರೋಗ್ಯ ಕೇಂದ್ರಕ್ಕೆ ಬಂದು ಬೆಂಚಿನ ಮೇಲೆ ಕೂತು ತಲೆ ತಗ್ಗಿಸಿಕೊಂಡು ಹೇಳಿದ: "ಅಪ್ಪನಿಗೆ ಏನು ಹೇಳ್ಲಿ ಮೇಡಂ?"

"ನಡೆದದ್ದು ಹೇಳು" ಅಂದೆ. ಒಬ್ಬ ಹುಡುಗ ಕೇಳಬೇಕಾದ ಪ್ರಶ್ನೆ ಕೇಳಿ ಫೇಲಾದಾಗ, ಕಲಿಸಿದವಳ ಹತ್ತಿರ ಕೊಡಲು ಸಮಾಧಾನ ಇರುವುದಿಲ್ಲ. ಮುಂದಿನ ಸಲ ಅವನು ಪಾಸಾದ. ಈಗ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿದ್ದಾನೆ.

ಶಿವಪ್ರಸಾದ್ ಸರ್ ದೊಡ್ಡ ಸನ್ಮಾನ ಮಾಡಿಸಿಕೊಂಡು ನಿವೃತ್ತರಾದರು. ಶಾಲು, ಹಾರ, ಬೆಳ್ಳಿ ತಟ್ಟೆ. ವೇದಿಕೆಯ ಹಿಂದಿನ ಬ್ಯಾನರ್ ಯಾರು ಹಾಕಿಸಿದ್ದು ಅಂತ ಅದರ ಮೂಲೆಯಲ್ಲೇ ಬರೆದಿತ್ತು.

ನನ್ನನ್ನು ಶಿಕ್ಷೆ ಅಂತ ಕಳಿಸಿದ ಜಾಗದಲ್ಲಿ ನನಗೆ ಮತ್ತೆ ಕಲಿಸಲು ಸಿಕ್ಕಿತು. ಇಂಟರ್ನ್‌ಗಳು ಸರದಿಯಲ್ಲಿ ಬರುತ್ತಿದ್ದರು. ಮಧ್ಯಾಹ್ನ ರೋಗಿಗಳು ಕಡಿಮೆಯಾದಾಗ ಒಂದು ಲೇಖನ ಇಟ್ಟುಕೊಂಡು ಕೂರುತ್ತಿದ್ದೆವು. ಮುನಿಯಮ್ಮನ ಮಂಚದ ಪಕ್ಕ ನಡೆದದ್ದೇ ಪದ್ಧತಿಯಾಯಿತು. ಓದಿದ್ದನ್ನು ಎದುರಿಗೆ ರೋಗಿಯ ಮನೆಯವರು ಕೂತಿದ್ದಾರೆ ಅಂದುಕೊಂಡು ಕನ್ನಡದಲ್ಲಿ ಹೇಳಬೇಕು. ಮನೆಮಾತು ತೆಲುಗೋ ಉರ್ದುವೋ ಆಗಿದ್ದರೆ ಅದರಲ್ಲಿ ಹೇಳಿ, ಪಕ್ಕದವರು ಕೇಳಲಿ. ಅರ್ಥವಾಗದೆ ಇದ್ದರೂ ಇಂಗ್ಲಿಷಿನಲ್ಲಿ ಒಪ್ಪಿಸಿಬಿಡಬಹುದು. ಅಮ್ಮನಿಗೆ ಹೇಳುವ ಮಾತಿನಲ್ಲಿ ಹಾಗೆ ಒಪ್ಪಿಸಲು ಆಗುವುದಿಲ್ಲ, ನಾಲಿಗೆ ಅಲ್ಲೇ ನಿಲ್ಲುತ್ತದೆ. ಎಲ್ಲಿ ನಿಂತಿತೋ ಅಲ್ಲಿ ಮತ್ತೆ ಓದಬೇಕು. ಇನ್ಸುಲಿನ್ ತೆಗೆದುಕೊಳ್ಳಲು ನನ್ನ ಹತ್ತಿರವೇ ಬರುತ್ತಿದ್ದ ಮುನಿಯಮ್ಮ ಎಷ್ಟೋ ಸಲ ಈ ಪಾಠ ಕೇಳುತ್ತಾ ಕೂತು ನಿದ್ದೆಹೋಗಿದ್ದಾರೆ.

ಆ ದಿನಗಳು ಚೆನ್ನಾಗಿದ್ದವು. ಅಷ್ಟರಲ್ಲಿ ಫೋನುಗಳು ಬುದ್ಧಿ ಕಲಿತವು. ಲೇಖನ ಹಾಕಿದರೆ ಫೋನೇ ಓದಿ ಐದು ಸಾಲು ಕೊಡುತ್ತದೆ. ಹುಡುಗರಿಗೆ ಅದೇ ಸಾಕು, ಅವರ ಟ್ಯೂಟರುಗಳಿಗೂ ಅದೇ ಸಾಕು. "ಟೈಮ್ ಇಲ್ಲ ಮೇಡಂ, ಕೇಸ್‌ಶೀಟ್ ಬರೀಬೇಕು, ಎಂಟ್ರೆನ್ಸಿಗೆ ಓದ್ಬೇಕು" ಅನ್ನುತ್ತಾರೆ. ಟೈಮ್ ಇಲ್ಲದಿರುವುದು ನಿಜ. ಗುಮಾಸ್ತರ ಕೆಲಸವನ್ನೆಲ್ಲ ಪಿಜಿಗಳ ತಲೆಗೆ ಕಟ್ಟಿ, ಓದಲು ಹೊತ್ತಿಲ್ಲದ ಹಾಗೆ ಮಾಡಿದವರ ಮೇಲೆ ನನ್ನ ಸಿಟ್ಟು ಇನ್ನೂ ದೊಡ್ಡದು. ಟ್ಯೂಟರುಗಳನ್ನಂತೂ, ಓದದಿದ್ದರೂ ಪರವಾಗಿಲ್ಲ ಬರೆಯಿರಿ, ಪ್ರಕಟಿಸಿ, ಇಲ್ಲದಿದ್ದರೆ ಬಡ್ತಿ ಇಲ್ಲ ಅಂತ ಹೆದರಿಸುತ್ತಾರೆ. ಹಾಗಾಗಿ ಯಾರೂ ಓದದ ಲೇಖನಗಳನ್ನು, ಏನನ್ನೂ ಓದದವರು ಬರೆಯುತ್ತಿದ್ದಾರೆ.

ಹೋದ ವರ್ಷ ಉತ್ತರದ ಕಡೆಯದೇ ಇನ್ನೊಂದು ಹೊಸ ಕಾಲೇಜಿನವರು ನನ್ನನ್ನು ಕರೆದರು. 'ವಿದ್ಯಾರ್ಥಿಗಳು ಮತ್ತು ಬೋಧಕರು ಓದಬೇಕಾದ ಜರ್ನಲ್ಲುಗಳು' ಅಂತ ಒಂದು ಕೈಪಿಡಿ ಮಾಡಿದ್ದಾರಂತೆ, ಬಿಡುಗಡೆ ಮಾಡಬೇಕಂತೆ. ಸಂತೋಷದಿಂದ ಹೋದೆ. ವೇದಿಕೆಯ ಮೇಲೆ ಕೂತು ಪುಟ ತಿರುವಿದೆ. ಪ್ರತಿ ಲೇಖನಕ್ಕೂ ಐದೈದು ಸಾಲಿನ ಸಾರ. ಲೇಖನ ಹುಡುಕಿ ಓದುವ ಕಷ್ಟವೇ ಬೇಡ ಅನ್ನುವ ಹಾಗಿತ್ತು. ಹಿಂದಿನ ರಕ್ಷಾಪುಟದಲ್ಲಿ ಔಷಧಿ ಕಂಪನಿಗೆ ಕೃತಜ್ಞತೆ.

ಪ್ರಿನ್ಸಿಪಾಲರು ಕಿವಿಯ ಹತ್ತಿರ ಬಂದು, "ಮೇಡಂ, ರಿಬ್ಬನ್ ಬಿಚ್ಚಿ, ಎರಡು ಮಾತಾಡಿದ್ರೆ ಸಾಕು" ಅಂದರು.

ನಾನು ಮೈಕಿನ ಹತ್ತಿರ ಹೋಗಿ, "ಇದನ್ನು ನಾನು ಬಿಡುಗಡೆ ಮಾಡುವುದಿಲ್ಲ" ಅಂದೆ. ಯಾಕೆ ಅಂತ ಮುನಿಯಮ್ಮನ ಕಥೆ ಹೇಳಲು ಶುರುಮಾಡಿದೆ. ಅರ್ಧಕ್ಕೆ ಬರುವಷ್ಟರಲ್ಲಿ ಮೈಕ್ ಆಫ್ ಆಯಿತು. ಕರೆಂಟು ಹೋಗಿರಲಿಲ್ಲ, ಫ್ಯಾನು ತಿರುಗುತ್ತಿತ್ತು. ವಂದನಾರ್ಪಣೆ ಮಾಡುವವರು ನನ್ನ ಪಕ್ಕಕ್ಕೆ ಬಂದು ನಿಂತರು.

ನಾನು ವೇದಿಕೆ ಇಳಿದು ಸಭಿಕರ ಮಧ್ಯೆ ಹೋಗಿ ನಿಂತೆ. ತರಗತಿಯಲ್ಲಿ ಮಾತಾಡಿದ ಗಂಟಲು, ಮೈಕ್ ಬೇಕಿರಲಿಲ್ಲ. ಉಳಿದ ಕಥೆ ಹೇಳಿ ಮುಗಿಸಿದೆ. ನನ್ನ ಚೀಲದಲ್ಲಿ ಒಂದು ಪೂರ್ತಿ ಲೇಖನದ ಪ್ರತಿಗಳಿದ್ದವು, ಮಾತಾಡುವಾಗ ಉದಾಹರಣೆಗೆ ಬೇಕಾಗಬಹುದು ಅಂತ ತಂದಿದ್ದೆ. ಹಂಚಿದೆ. "ಊಟಕ್ಕೆ ಹೋಗುವವರು ಹೋಗಿ. ಇರುವವರು ಇದನ್ನ ಪೂರ್ತಿ ಓದೋಣ" ಅಂದೆ.

ಬಹಳ ಜನ ಎದ್ದು ಹೋದರು. ಪ್ರಿನ್ಸಿಪಾಲರೂ ಅತಿಥಿಗಳೂ ಹೋದರು. ಸಭಾಂಗಣದ ಮುಂದಿನ ಎರಡು ಸಾಲುಗಳಲ್ಲಿ ಚದುರಿದ ಹಾಗೆ ಕೆಲವರು ಉಳಿದರು. ಒಬ್ಬ ವಿದ್ಯಾರ್ಥಿನಿ ಓದಿ, ಕನ್ನಡದಲ್ಲಿ ಹೇಳುತ್ತಾ ಹೋದಳು. ಹೊರಗೆ ತಟ್ಟೆಗಳ ಸದ್ದು ಕೇಳುತ್ತಿತ್ತು. ರೋಗಿಗಳ ಆಯ್ಕೆಯ ಪ್ಯಾರಾಕ್ಕೆ ಬಂದಾಗ ಅವಳ ಹಿಂದೆ ಕೂತಿದ್ದ ಹೆಂಗಸೊಬ್ಬರು ಎದ್ದು ನಿಂತರು. ಕುತ್ತಿಗೆಯಲ್ಲಿ ಟ್ಯೂಟರ್ ಅಂತ ಬರೆದ ಗುರುತಿನ ಕಾರ್ಡು ಇತ್ತು. ತಮ್ಮ ವಿದ್ಯಾರ್ಥಿಗಳು ಸುತ್ತ ಕೂತಿರುವುದನ್ನು ಒಮ್ಮೆ ನೋಡಿಕೊಂಡು, ಹಾಳೆಯ ಮೇಲೆ ಬೆರಳಿಟ್ಟು ಹೇಳಿದರು:

"ಮೇಡಂ, ಈ ಸಾಲು ನನಗೆ ಅರ್ಥ ಆಗ್ತಿಲ್ಲ. ಇಷ್ಟು ದಿನ ಇಂಥದ್ದನ್ನ ಬಿಟ್ಟು ಮುಂದಕ್ಕೆ ಹೋಗ್ತಿದ್ದೆ."

"ಇಲ್ಲಿ ಬಂದು ಕೂತ್ಕೊಳ್ಳಮ್ಮಾ" ಅಂದೆ. ಅವರು ಬಂದು ಮುಂದಿನ ಸಾಲಿನಲ್ಲಿ ತಮ್ಮ ವಿದ್ಯಾರ್ಥಿನಿಯ ಪಕ್ಕ ಕೂತರು. ಇಬ್ಬರೂ ಒಂದೇ ಹಾಳೆ ಹಿಡಿದುಕೊಂಡರು. ಆ ಸಾಲಿನಿಂದಲೇ ಮತ್ತೆ ಶುರು ಮಾಡಿದೆವು.